ಊರಿಗೆ ಉಪಕಾರಿ, ಮನೆಗೆ?

‘ಮಿನಿಸ್ಟರ್’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವಿಧಾನಸೌಧ, ಕಾರುಗಳ ಸಾಲು, ಹೂಮಾಲೆ ಮತ್ತು ಹಿಂಬಾಲಕರ ದಂಡು. ಆದರೆ ಆ ಪದದ ಮೂಲ ಹುಡುಕಿದರೆ ಸಿಗುವ ಅರ್ಥವೇ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಮಿನಿಸ್ಟರ್ ಎಂದರೆ ಸೇವಕ, ಇನ್ನೊಬ್ಬರ ಕೆಲಸ ಮಾಡಿಕೊಡುವವನು. ಕುರ್ಚಿ ಸಿಕ್ಕಿದ ಮೇಲೆ ಪದವೂ ತನ್ನ ಮೂಲವನ್ನು ಮರೆತುಬಿಟ್ಟಿತು. ಮನುಷ್ಯರು ಮರೆಯುವುದರಲ್ಲಿ ಆಶ್ಚರ್ಯವೇನಿದೆ?

ಅಮೆರಿಕದ ಕಾಲೇಜುಗಳಲ್ಲಿ ಮಾತ್ರ ಈ ಪದ ಇಂದಿಗೂ ಹಳೆಯ ಅರ್ಥಕ್ಕೆ ಹತ್ತಿರದಲ್ಲೇ ಇದೆ. ಅಲ್ಲಿ ‘ಕ್ಯಾಂಪಸ್ ಮಿನಿಸ್ಟರ್’ ಎಂಬ ಹುದ್ದೆಯಿದೆ. ‘ಚಾಪ್ಲಿನ್’ ಎಂದೂ ಕರೆಯುತ್ತಾರೆ. ಇವರು ಪಾಠ ಮಾಡುವ ಅಧ್ಯಾಪಕರಲ್ಲ, ಹಾಸ್ಟೆಲಿನ ವಾರ್ಡನ್ ಕೂಡಾ ಅಲ್ಲ. ಮನೆಯಿಂದ ದೂರವಿರುವ ವಿದ್ಯಾರ್ಥಿಗಳ ಧಾರ್ಮಿಕ ಅಗತ್ಯಗಳನ್ನು ನೋಡಿಕೊಳ್ಳುವುದು, ಅವರ ದುಃಖ ದುಮ್ಮಾನಗಳಿಗೆ ಕಿವಿಯಾಗುವುದು ಇವರ ಕೆಲಸ. ಕ್ಯಾಥೊಲಿಕ್ ವಿದ್ಯಾರ್ಥಿಗಳಿಗಾಗಿ 1893ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನ್ಯೂಮನ್ ಕ್ಲಬ್ ಆರಂಭವಾಯಿತು. ಯಹೂದಿ ವಿದ್ಯಾರ್ಥಿಗಳಿಗಾಗಿ 1923ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹಿಲೆಲ್ ಎಂಬ ಸಂಸ್ಥೆ ಹುಟ್ಟಿತು. ಅದೇ ಇಲಿನಾಯ್‌ನಲ್ಲಿ 1963ರಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಸಂಘ ಸ್ಥಾಪನೆಯಾಯಿತು. ಆದರೆ ಪೂರ್ಣಾವಧಿಯ ಮುಸ್ಲಿಂ ಚಾಪ್ಲಿನ್ ಬರಲು ಇನ್ನೂ ಮೂರೂವರೆ ದಶಕ ಕಾಯಬೇಕಾಯಿತು. 1999ರಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ ಇಮಾಮ್ ಯಹ್ಯಾ ಹೆಂದಿಯವರನ್ನು ಈ ಹುದ್ದೆಗೆ ನೇಮಿಸಿತು. ಜಾರ್ಜ್‌ಟೌನ್ ಕ್ರೈಸ್ತ ಪಾದ್ರಿಗಳು ಕಟ್ಟಿದ ಸಂಸ್ಥೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮರುವರ್ಷ, 2000ದಲ್ಲಿ, ಹಾರ್ಟ್‌ಫೋರ್ಡ್ ಸೆಮಿನರಿಯಲ್ಲಿ ಮುಸ್ಲಿಂ ಚಾಪ್ಲಿನ್‌ಗಳ ತರಬೇತಿ ಶುರುವಾಯಿತು. ಅದನ್ನು ರೂಪಿಸಿದವರು ಒಬ್ಬ ಮಹಿಳೆ, ಇಂಗ್ರಿಡ್ ಮ್ಯಾಟ್ಸನ್. ಇವರೇ 2006ರಲ್ಲಿ ‘ಇಸ್ಲಾಮಿಕ್ ಸೊಸೈಟಿ ಆಫ್ ನಾರ್ತ್ ಅಮೆರಿಕ’ದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಂದು ಅಲ್ಲಿನ ಹಲವು ಕ್ಯಾಂಪಸ್‌ಗಳಲ್ಲಿ ಮುಸ್ಲಿಂ ಮಹಿಳೆಯರೂ ಚಾಪ್ಲಿನ್‌ಗಳಾಗಿದ್ದಾರೆ.

ಎಲ್ಲೋ ದೂರದ ಅಮೆರಿಕದ ಸುದ್ದಿ ನಮಗೇಕೆ ಎಂದು ನೀವು ಕೇಳಬಹುದು. ಸಹೋದರಿಯರೇ, 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 3 ಲಕ್ಷ 31 ಸಾವಿರ ದಾಟಿತ್ತು. ಅವರಲ್ಲಿ ನಮ್ಮ ನಿಮ್ಮ ಊರಿನ ಮಕ್ಕಳೂ ಇದ್ದಾರೆ. ರಮಝಾನ್ ತಿಂಗಳಲ್ಲೇ ಪರೀಕ್ಷೆ ಬಂದಾಗ, ಊಟದ ಹಾಲ್‌ನಲ್ಲಿ ಹಲಾಲ್ ಆಹಾರ ಸಿಗದಿದ್ದಾಗ, ಊರಿನಲ್ಲಿ ಅಜ್ಜಿ ತೀರಿಕೊಂಡು ಮಯ್ಯಿತ್ ನೋಡಲೂ ಹೋಗಲಾಗದಿದ್ದಾಗ ಆ ಮಗು ಯಾರ ಬಾಗಿಲು ತಟ್ಟಬೇಕು? ಚಾಪ್ಲಿನ್ ಇರುವುದು ಅದಕ್ಕಾಗಿ.

ಈ ಕೆಲಸ ಹೊರಗಿನಿಂದ ಕಾಣುವಷ್ಟು ಹಗುರವಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಮುಸ್ಲಿಂ ವಿದ್ಯಾರ್ಥಿಗಳನ್ನು ಸಂಶಯದಿಂದ ನೋಡುವ ಕಣ್ಣುಗಳು ಹೆಚ್ಚಾದವು. ನ್ಯೂಯಾರ್ಕ್ ಪೊಲೀಸರು ಹಲವು ಕಾಲೇಜುಗಳ ಮುಸ್ಲಿಂ ವಿದ್ಯಾರ್ಥಿ ಸಂಘಗಳ ಮೇಲೆ ಗುಟ್ಟಾಗಿ ನಿಗಾ ಇಟ್ಟಿದ್ದರೆಂಬುದನ್ನು 2011ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬಯಲಿಗೆಳೆಯಿತು. ಆ ವರದಿಗಳಿಗೆ 2012ರಲ್ಲಿ ಪುಲಿಟ್ಸರ್ ಪ್ರಶಸ್ತಿಯೂ ಬಂತು. 2015ರ ಫೆಬ್ರವರಿಯಲ್ಲಿ ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮೂವರು ಮುಸ್ಲಿಂ ಯುವಜನರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. 2024ರಲ್ಲಿ ಗಾಝಾದ ವಿಷಯವಾಗಿ ಅನೇಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ಡೇರೆ ಹಾಕಿ ಕುಳಿತರು, ಬಂಧನಗಳಾದವು. ಇಂತಹ ಪ್ರತಿಯೊಂದು ಘಟನೆಯ ಮರುದಿನವೂ ಹೆದರಿದ ಮಕ್ಕಳು, ಸಿಟ್ಟಿಗೆದ್ದ ಮಕ್ಕಳು, ನಿದ್ದೆ ಬಾರದ ಮಕ್ಕಳು ಚಾಪ್ಲಿನ್‌ನ ಕೋಣೆಗೆ ಬರುತ್ತಾರೆ. ಅವರೆಲ್ಲರ ಮಾತು ಕೇಳಿ, ಧೈರ್ಯ ಹೇಳಿ ಕಳುಹಿಸಿದ ಮೇಲೆ ಆ ಚಾಪ್ಲಿನ್ ಹೋಗಬೇಕಾದುದು ತನ್ನ ಮನೆಗೆ.

ಈ ಚಾಪ್ಲಿನ್‌ಗಳಿಗೆ ಆಗಾಗ ಸಮ್ಮೇಳನಗಳಿರುತ್ತವೆ. ಆತ್ಮಹತ್ಯೆಯ ಯೋಚನೆಯಲ್ಲಿರುವ ವಿದ್ಯಾರ್ಥಿಯೊಡನೆ ಹೇಗೆ ಮಾತನಾಡಬೇಕು, ಸಾವಿನ ಸುದ್ದಿಯನ್ನು ಹೇಗೆ ತಿಳಿಸಬೇಕು, ಬೇರೆ ಧರ್ಮದ ಚಾಪ್ಲಿನ್‌ಗಳೊಂದಿಗೆ ಸೇರಿ ಹೇಗೆ ಕೆಲಸ ಮಾಡಬೇಕು ಎಂಬುದನ್ನೆಲ್ಲ ಅಲ್ಲಿ ಕಲಿಯುತ್ತಾರೆ. ಇವಲ್ಲದೆ ಇಸ್ಲಾಮಿಕ್ ಸೊಸೈಟಿಯ ವಾರ್ಷಿಕ ಸಮಾವೇಶವಿದೆ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಲ್ಲಿ ‘ಲೇಬರ್ ಡೇ’ ರಜೆ. ಆ ರಜೆಗೆ ಹೊಂದಿಕೊಂಡೇ ಸಮಾವೇಶ ನಡೆಯುವುದು ವಾಡಿಕೆ. ಮಂಗಳವಾರ ಬೆಳಗ್ಗೆ ಮಕ್ಕಳ ಶಾಲೆ, ಕಾಲೇಜಿನ ತರಗತಿ, ಆಫೀಸು ಎಲ್ಲವೂ ಮತ್ತೆ ಶುರು. ಅಂದರೆ ಹೋಗಿ ಬಂದವರಿಗೆ ಸುಧಾರಿಸಿಕೊಳ್ಳಲು ಒಂದು ದಿನದ ಬಿಡುವೂ ಇಲ್ಲ.

ಸಮ್ಮೇಳನದಲ್ಲಿ ಮೂರು ದಿನ ಕಳೆಯುವುದೆಂದರೇನು ಎಂದು ಸ್ವಲ್ಪ ಯೋಚಿಸಿ. ಕೊರಳಿನಲ್ಲಿ ಹೆಸರಿನ ಪಟ್ಟಿ. ಎದುರು ಬಂದವರೆಲ್ಲ ಹೆಸರು ಹಿಡಿದು ಸಲಾಮ್ ಹೇಳುತ್ತಾರೆ. ಹಾಸಿಗೆ ಬೇರೆ ಯಾರೋ ಹಾಸುತ್ತಾರೆ, ಊಟ ಬೇರೆ ಯಾರೋ ಬಡಿಸುತ್ತಾರೆ. ನಿಮ್ಮ ಮಾತನ್ನು ಜನ ಗಮನವಿಟ್ಟು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಇತರರ ಕಣ್ಣೀರು ಒರೆಸಿದವರಿಗೆ ತಮ್ಮಂಥವರೊಡನೆ ಕೂತು ಮಾತನಾಡುವ ಅವಕಾಶ ಬೇಕೇ ಬೇಕು. ಆದರೆ ಅದೇ ಮೂರು ದಿನ ಮನೆಯಲ್ಲೂ ಕಳೆದಿರುತ್ತದೆಯಲ್ಲ? ಮಗುವಿಗೆ ಜ್ವರ ಬಂದಿರಬಹುದು. ಬಚ್ಚಲಿನ ನಲ್ಲಿ ಕೆಟ್ಟಿರಬಹುದು. ಮನೆಯಲ್ಲಿ ಉಳಿದವರು ಇಬ್ಬರ ಕೆಲಸವನ್ನು ಒಬ್ಬರೇ ಮಾಡಿ ಬಳಲಿರಬಹುದು. ಅವರ ಕೊರಳಿನಲ್ಲಿ ಹೆಸರಿನ ಪಟ್ಟಿ ಇರುವುದಿಲ್ಲ, ಅವರಿಗೆ ಚಪ್ಪಾಳೆಯೂ ಇಲ್ಲ. ದಣಿದ ಈ ಇಬ್ಬರೂ ಬಾಗಿಲಲ್ಲಿ ಎದುರುಬದುರಾಗುತ್ತಾರೆ. ಜಗಳ ಹುಟ್ಟಲು ಇಷ್ಟು ಸಾಲದೇ?

ಚಾಪ್ಲಿನ್‌ನ ಮನೆಯಲ್ಲಿ ಇನ್ನೂ ಒಂದು ತೊಡಕಿದೆ. ಕೇಳಿದ ಗುಟ್ಟನ್ನು ಕಾಪಾಡುವುದು ಆ ಕೆಲಸದ ಮೊದಲ ನಿಯಮ. ಯಾವ ಹುಡುಗಿ ಏನು ಹೇಳಿ ಅತ್ತಳು ಎಂಬುದನ್ನು ಬಾಳಸಂಗಾತಿಯ ಮುಂದೆಯೂ ಹೇಳುವಂತಿಲ್ಲ. ಹಾಗಾಗಿ ಮನೆಗೆ ಬಂದವರು ಮೌನವಾಗಿರುತ್ತಾರೆ. “ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಒಂದೇ ಮಾತು. ಊರವರ ಬಳಿಯೆಲ್ಲ ಗಂಟೆಗಟ್ಟಲೆ ಮಾತನಾಡುವವರು ನನ್ನೊಡನೆ ಮಾತ್ರ ಯಾಕೆ ಬಾಯಿ ಬಿಡುವುದಿಲ್ಲ ಎಂದು ಮನೆಯವರಿಗೆ ನೋವಾಗುತ್ತದೆ. ಇತರರ ನೋವನ್ನು ಸದಾ ಕೇಳುವವರಲ್ಲಿ ಒಂದು ಬಗೆಯ ಬಳಲಿಕೆ ಉಂಟಾಗುತ್ತದೆ, ಕರುಣೆಯ ಒರತೆಯೇ ಬತ್ತಿದಂತಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ದಾದಿಯರು, ವೈದ್ಯರು, ಆಪ್ತ ಸಮಾಲೋಚಕರು ಎಲ್ಲರಿಗೂ ಇದು ಬರಬಹುದು. ಹೊರಗೆ ಎಲ್ಲವನ್ನೂ ಖರ್ಚು ಮಾಡಿ ಬಂದವರ ಬಳಿ ಮನೆಯವರಿಗೆ ಕೊಡಲು ಚಿಲ್ಲರೆಯೂ ಉಳಿದಿರುವುದಿಲ್ಲ.

ನಮ್ಮ ಹಿರಿಯರು ಇಂಥವರನ್ನು ಕಂಡೇ ಒಂದು ಗಾದೆ ಕಟ್ಟಿದರು: ಊರಿಗೆ ಉಪಕಾರಿ, ಮನೆಗೆ ಮಾರಿ. ಮಾತು ಸ್ವಲ್ಪ ಖಾರವೇ. ಆದರೆ ಊರಿಗೆ ಉಪಕಾರ ಮಾಡುವುದು ಬೇಡ ಎಂದು ಗಾದೆ ಹೇಳುವುದಿಲ್ಲ. ಮನೆಯನ್ನು ಮರೆಯಬೇಡಿ ಎನ್ನುತ್ತದೆ, ಅಷ್ಟೆ.

ಪ್ರಯಾಣದಿಂದ ಮರಳುವ ವಿಷಯದಲ್ಲಿ ಪ್ರವಾದಿವರ್ಯರ(ಸ) ಚರ್ಯೆಯನ್ನು ಗಮನಿಸಿದರೆ ಈ ಪುಟ್ಟ ವಿಷಯಕ್ಕೂ ಎಷ್ಟು ಮಹತ್ವ ಕೊಟ್ಟಿದ್ದರೆಂದು ತಿಳಿಯುತ್ತದೆ. ಪ್ರಯಾಣವು ಯಾತನೆಯ ಒಂದು ತುಣುಕು, ಅದು ಮನುಷ್ಯನ ಅನ್ನ, ನೀರು, ನಿದ್ರೆಗಳನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದ ಹೋದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕು ಎಂಬ ಅರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಸಮ್ಮೇಳನ ಮುಗಿದ ಮೇಲೂ ಸುಮ್ಮನೆ ಇನ್ನೊಂದು ದಿನ ಅಲ್ಲೇ ಉಳಿಯುವವರು ಇದನ್ನು ಯೋಚಿಸಬೇಕು.

ಮನೆಯವರಿಗೆ ತಿಳಿಸದೆ, ರಾತ್ರಿ ಹೊತ್ತಿನಲ್ಲಿ ಹಠಾತ್ತನೆ ಬಂದು ಬಾಗಿಲು ಬಡಿಯುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡಲಿಲ್ಲ. ಮನೆಯವರ ತಪ್ಪು ಹುಡುಕುವ ಉದ್ದೇಶದಿಂದ ಹಾಗೆ ಬರುವುದನ್ನಂತೂ ಸ್ಪಷ್ಟವಾಗಿ ತಡೆದರು. ಜಾಬಿರ್(ರ) ವರದಿ ಮಾಡಿದ ಇನ್ನೊಂದು ಘಟನೆಯಲ್ಲಿ, ದಂಡಯಾತ್ರೆಯಿಂದ ಮರಳಿ ಮದೀನಾದ ಹತ್ತಿರ ಬಂದವರನ್ನು ಸ್ವಲ್ಪ ತಡೆದು ನಿಲ್ಲಿಸಿದರು. ಕಾರಣವೇನು ಗೊತ್ತೇ? ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ತಲೆ ಬಾಚಿ ಸಿದ್ಧರಾಗಲು ಸಮಯ ಸಿಗಲಿ ಎಂದು! ಕಾಯುವವರಿಗೂ ಒಂದು ಮನಸ್ಸಿದೆ, ತಯಾರಿ ಇದೆ, ಮರ್ಯಾದೆ ಇದೆ ಎಂಬುದನ್ನು ಇದಕ್ಕಿಂತ ನಾಜೂಕಾಗಿ ಕಲಿಸುವುದು ಸಾಧ್ಯವೇ? ಇಂದು ಕೈಯಲ್ಲಿ ಮೊಬೈಲ್ ಇದೆ. “ವಿಮಾನ ತಡವಾಗಿದೆ, ನೀವು ಊಟ ಮಾಡಿ ಮಲಗಿ” ಎಂದು ಒಂದು ಸಾಲು ಕಳುಹಿಸಲು ಎಷ್ಟು ಹೊತ್ತು ಬೇಕು?

ಅವರು ಪ್ರಯಾಣದಿಂದ ಬಂದಾಗ ಮೊದಲು ಮಸೀದಿಗೆ ಹೋಗಿ ಎರಡು ರಕಅತ್ ನಮಾಝ್ ಮಾಡುತ್ತಿದ್ದರೆಂದು ಕಅಬ್ ಬಿನ್ ಮಾಲಿಕ್(ರ) ಹೇಳುತ್ತಾರೆ. ಇದು ಆರಾಧನೆ. ಜೊತೆಗೆ ಇದರಲ್ಲಿ ನಮ್ಮಂಥವರಿಗೆ ಒಂದು ಪ್ರಯೋಜನವೂ ಇದೆ. ದಾರಿಯ ಗದ್ದಲ, ಕೆಲಸದ ಬಿಸಿ, ಹೊತ್ತು ತಂದ ಚಿಂತೆಗಳು ಎಲ್ಲವೂ ಅಲ್ಲಿ ಸ್ವಲ್ಪ ತಣ್ಣಗಾಗುತ್ತವೆ. ಆಮೇಲೆ ಮನೆಗೆ ಹೋಗುವವನು ಹಗುರಾಗಿರುತ್ತಾನೆ. ಕೇಳಿದ ಗುಟ್ಟುಗಳನ್ನೆಲ್ಲ ಎದೆಯಲ್ಲಿ ಹೊತ್ತು ಬರುವ ಚಾಪ್ಲಿನ್‌ಗೆ ಆ ಭಾರ ಇಳಿಸಿಕೊಳ್ಳಲು ಅಲ್ಲಾಹನ ಮುಂದೆ ಬಾಗುವುದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಮನುಷ್ಯರಿಗೆ ಹೇಳಲಾಗದ್ದನ್ನು ಅವನಿಗೆ ಹೇಳಬಹುದಲ್ಲ.

ಮಕ್ಕಳ ವಿಷಯ ಇನ್ನೂ ಸೊಗಸಾಗಿದೆ. ಪ್ರವಾದಿವರ್ಯರು(ಸ) ಮರಳಿ ಬರುವಾಗ ಕುಟುಂಬದ ಮಕ್ಕಳನ್ನು ಅವರನ್ನು ಎದುರುಗೊಳ್ಳಲು ಕರೆತರುತ್ತಿದ್ದರು. ಸೋದರ ಸಂಬಂಧಿ ಜಅಫರ್‌(ರ)ರ ಮಗ ಅಬ್ದುಲ್ಲಾ(ರ) ದೊಡ್ಡವರಾದ ಮೇಲೆ ಅದನ್ನು ನೆನಪಿಸಿಕೊಂಡಿದ್ದಾರೆ. ಒಮ್ಮೆ ತನ್ನನ್ನು ಸವಾರಿಯಲ್ಲಿ ಮುಂದೆ ಕೂರಿಸಿಕೊಂಡರು, ನಂತರ ಫಾತಿಮಾ(ರ)ರ ಮಕ್ಕಳಲ್ಲೊಬ್ಬನನ್ನು ಹಿಂದೆ ಕೂರಿಸಿಕೊಂಡರು, ಹಾಗೆ ಒಂದೇ ಸವಾರಿಯ ಮೇಲೆ ಮೂವರೂ ಮದೀನಾ ಪ್ರವೇಶಿಸಿದೆವು ಎನ್ನುತ್ತಾರೆ. ಪ್ರಯಾಣದ ದಣಿವು ಅವರಿಗೆ ಇರಲಿಲ್ಲವೇ? ಇತ್ತು. ಆದರೆ ಮಕ್ಕಳು ಕಾದಿದ್ದರು. ನಮ್ಮಲ್ಲಿ ಬ್ಯಾಗಿನಿಂದ ಚಾಕಲೇಟ್ ಪೊಟ್ಟಣ ತೆಗೆದು ಕೊಟ್ಟು “ಈಗ ಹೋಗಿ ಆಡಿಕೊಳ್ಳಿ, ನನಗೆ ಸುಸ್ತಾಗಿದೆ” ಎನ್ನುವ ತಂದೆಯರೆಷ್ಟು! ಮಗು ಕಾಯುತ್ತಿದ್ದುದು ಪೊಟ್ಟಣಕ್ಕಲ್ಲ. ಆ ಮಗುವಿಗೆ ಒಂದು ಮಡಿಲು ಬೇಕಿತ್ತು.

ಮನೆಯೊಳಗೆ ಅವರು ಏನು ಮಾಡುತ್ತಿದ್ದರೆಂದು ಒಬ್ಬರು ಆಯಿಶಾ(ರ)ರೊಡನೆ ಕೇಳಿದರು. ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂಬುದು ಅವರ ಉತ್ತರದ ಸಾರ. ಸೇವೆ! ಆರಂಭದಲ್ಲಿ ಹೇಳಿದ ಆ ಲ್ಯಾಟಿನ್ ಪದದ ಅರ್ಥವೂ ಅದೇ ಅಲ್ಲವೇ? ಹೊರಗೆ ಸೇವಕನೆಂಬ ಬಿರುದು ಹೊತ್ತವನು ಮನೆಯೊಳಗೆ ಯಜಮಾನನಾಗಿ ಕಾಲು ಚಾಚಿ ಕುಳಿತರೆ ಆ ಬಿರುದಿಗೆ ಬೆಲೆ ಏನು?

“ನಾನು ಹೋದದ್ದು ಮೋಜಿಗಲ್ಲ, ದೀನಿನ ಕೆಲಸಕ್ಕೆ” ಎಂದು ಹೇಳುವವರಿದ್ದಾರೆ. ಅವರು ಸಲ್ಮಾನ್(ರ) ಮತ್ತು ಅಬೂದರ್ದಾ(ರ)ರ ಘಟನೆಯನ್ನು ಮತ್ತೊಮ್ಮೆ ಓದಬೇಕು. ಸಲ್ಮಾನ್(ರ) ಗೆಳೆಯನ ಮನೆಗೆ ಹೋದಾಗ ಆ ಮನೆಯೊಡತಿ ತನ್ನ ಬಗ್ಗೆ ಗಮನವೇ ಇಲ್ಲದಂತೆ ಮಾಸಿದ ಬಟ್ಟೆಯಲ್ಲಿದ್ದರು. ವಿಚಾರಿಸಿದರೆ, ನಿಮ್ಮ ಸಹೋದರನಿಗೆ ಈ ಲೋಕದ ಅಗತ್ಯವೇ ಇಲ್ಲವಲ್ಲ ಎಂದರು. ಅಬೂದರ್ದಾ(ರ) ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಇದ್ದುಬಿಟ್ಟಿದ್ದರು. ಸಲ್ಮಾನ್(ರ) ಅವರಿಗೆ ಊಟ ಮಾಡಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಯಾಗಿ ನಮಾಝ್ ಮಾಡಿದರು. ಪ್ರಭುವಿಗೂ, ಶರೀರಕ್ಕೂ, ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸು ಎಂದು ಬುದ್ಧಿ ಹೇಳಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಸಲ್ಮಾನ್ ಹೇಳಿದ್ದು ಸರಿ ಎಂದರು. ಆರಾಧನೆಯೇ ಮನೆಯ ಹಕ್ಕನ್ನು ನುಂಗಬಾರದು ಎಂದಾದರೆ ಸಮ್ಮೇಳನ, ಭಾಷಣ, ಸಂಘಟನೆಗಳ ಮಾತೇನು? ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಆ ಮನೆಯ ಸಂಕಟವನ್ನು ಸಲ್ಮಾನ್(ರ) ತಿಳಿದದ್ದು ಆ ಮಹಿಳೆಯ ಸ್ಥಿತಿ ನೋಡಿ, ಆಕೆಯ ಮಾತು ಕೇಳಿ.

ಇಷ್ಟು ಹೊತ್ತು ಮರಳಿ ಬರುವವನು ಗಂಡಸು ಎಂದುಕೊಂಡು ಮಾತನಾಡಿದೆವು. ಈಗ ಮರಳಿ ಬರುವವಳು ಹೆಂಗಸಾದರೆ? ಒಬ್ಬ ಚಾಪ್ಲಿನ್ ಸಹೋದರಿಯನ್ನು ಊಹಿಸಿಕೊಳ್ಳಿ. ಅವಳು ಹೊರಡುವ ಮುಂಚೆಯೇ ಮೂರು ದಿನದ ಸಾರು ಮಾಡಿ ಫ್ರಿಜ್‌ನಲ್ಲಿಟ್ಟಿರುತ್ತಾಳೆ. ಮಕ್ಕಳ ಯುನಿಫಾರ್ಮ್ ಇಸ್ತ್ರಿ ಮಾಡಿಟ್ಟಿರುತ್ತಾಳೆ. ಯಾವ ಔಷಧಿ ಎಷ್ಟು ಹೊತ್ತಿಗೆ ಎಂದು ಚೀಟಿ ಬರೆದಿಟ್ಟಿರುತ್ತಾಳೆ. ಸಮ್ಮೇಳನದ ನಡುವೆ ಎದ್ದು ಹೋಗಿ “ಮಗು ಊಟ ಮಾಡಿತೇ?” ಎಂದು ಫೋನ್ ಮಾಡುತ್ತಾಳೆ. ಮರಳಿ ಬಂದಾಗ ಅವಳನ್ನು ಎದುರುಗೊಳ್ಳುವುದು ಯಾವುದು? ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯದೆ ಬಿದ್ದಿರುವ ಪಾತ್ರೆಗಳ ರಾಶಿ! ಜೊತೆಗೆ ಯಾರಾದರೊಬ್ಬರ ಬಾಯಿಂದ, “ಅಂತೂ ಬಂದೆಯಲ್ಲ!”

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮನೆಯ ಗಂಡಸು ಪ್ರಯಾಣ ಮುಗಿಸಿ ಬಂದರೆ ಬಿಸಿ ಚಹಾ, ಬಿಸಿನೀರು, ಇಷ್ಟದ ಪದಾರ್ಥ. ಮನೆಯ ಹೆಂಗಸು ತರಬೇತಿಗೋ ಶಿಬಿರಕ್ಕೋ ಹೋಗಿ ಬಂದರೆ ಬ್ಯಾಗ್ ಕೆಳಗಿಟ್ಟ ಕೈಯಲ್ಲೇ ಪೊರಕೆ. ಅವನಿಗೆ ಸಿಗುವುದು ಸ್ವಾಗತ, ಅವಳು ಕಟ್ಟಬೇಕಾದುದು ದಂಡ. ಶಿಕ್ಷಕಿಯರಿಗೆ, ದಾದಿಯರಿಗೆ, ಮಹಿಳಾ ಸಂಘಟನೆಯ ಕಾರ್ಯಕರ್ತೆಯರಿಗೆ ಇದು ಚೆನ್ನಾಗಿ ಗೊತ್ತು. ಪ್ರಯಾಣದ ಯಾತನೆಯ ಬಗ್ಗೆ ಪ್ರವಾದಿವರ್ಯರು(ಸ) ಹೇಳಿದಾಗ ಅದು ಗಂಡಸಿಗೆ ಮಾತ್ರ ಎಂದು ಹೇಳಲಿಲ್ಲ. ಅವಳ ನಿದ್ದೆಯೂ ಕೆಟ್ಟಿದೆ, ಅವಳ ಬೆನ್ನೂ ನೋಯುತ್ತಿದೆ. ಮನೆಯವರ ಸೇವೆಯಲ್ಲಿರುವುದು ಪ್ರವಾದಿಚರ್ಯೆಯಾದರೆ ಆ ಸಂಜೆ ಪಾತ್ರೆ ತೊಳೆಯುವ ಗಂಡನ ಗೌರವ ಕಡಿಮೆಯಾಗುವುದು ಹೇಗೆ? ಮಗ ಪಾತ್ರೆ ತೊಳೆಯುವುದನ್ನು ಕಂಡು ಮುಖ ಸಿಂಡರಿಸುವ ಅತ್ತೆಯಂದಿರೂ ಇದನ್ನು ಸ್ವಲ್ಪ ಯೋಚಿಸಲಿ. ಅದೇ ಮನೆಯ ಮಗಳು ಇನ್ನೊಂದು ಮನೆಯಲ್ಲಿ ಹೀಗೆಯೇ ಮರಳಿ ಬರುತ್ತಿರಬಹುದು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕೆಲಸವೇನಲ್ಲ. ಬಂದವರು ಆ ಸಂಜೆಯ ಮಟ್ಟಿಗೆ ಮೊಬೈಲನ್ನು ಬದಿಗಿಡಲಿ. ಸಮ್ಮೇಳನದ ಕಥೆ ಹೇಳುವ ಮೊದಲು ಮನೆಯ ಕಥೆ ಕೇಳಲಿ. ಮಗು ಬಿಡಿಸಿದ ಚಿತ್ರ ನೋಡಲಿ. ಹೇಳಲಾಗದ ವಿಷಯವಿದ್ದರೆ ಮುಖ ಊದಿಸಿಕೊಂಡಿರುವುದರ ಬದಲು, “ಮನಸ್ಸು ಭಾರವಾಗಿದೆ, ವಿವರ ಹೇಳುವಂತಿಲ್ಲ, ಆದರೆ ನಿಮ್ಮ ಮೇಲೆ ಸಿಟ್ಟಿಲ್ಲ” ಎಂದು ಬಾಯಿಬಿಟ್ಟು ಹೇಳಲಿ. ಅಷ್ಟು ಹೇಳಿದರೆ ಗುಟ್ಟೂ ಉಳಿಯುತ್ತದೆ, ಮನೆಯವರ ನೆಮ್ಮದಿಯೂ ಉಳಿಯುತ್ತದೆ. “ನೀವು ಮನೆ ನೋಡಿಕೊಂಡಿದ್ದರಿಂದ ನಾನು ಹೋಗಿ ಬರಲು ಸಾಧ್ಯವಾಯಿತು” ಎಂಬ ಒಂದು ಮಾತನ್ನಂತೂ ಮರೆಯದಿರಲಿ. ಮೂರು ದಿನ ಚಪ್ಪಾಳೆ ಸಿಗದೆ ದುಡಿದವರಿಗೆ ಸಲ್ಲಬೇಕಾದದ್ದು ಅದು.

ಮನೆಯಲ್ಲಿದ್ದವರೂ ಅಷ್ಟೆ. ದೂರಿನ ಪಟ್ಟಿಯನ್ನು ಬಾಗಿಲಲ್ಲೇ ಓದಬೇಡಿ. ನಲ್ಲಿ ಕೆಟ್ಟದ್ದು, ಮಗ ಕಡಿಮೆ ಅಂಕ ತೆಗೆದದ್ದು, ನೆರೆಮನೆಯವರು ಅಂದದ್ದು ಎಲ್ಲವೂ ಬೆಳಗಿನವರೆಗೆ ಕಾಯುತ್ತವೆ. ಮೊದಲು ಒಂದು ಲೋಟ ನೀರು, ಒಂದು ತುತ್ತು ಊಟ, ಸ್ವಲ್ಪ ನಿದ್ದೆ. “ಏನು ತಂದಿರಿ?” ಎನ್ನುವ ಮೊದಲು “ಹೇಗಿದ್ದೀರಿ?” ಎಂದು ಕೇಳಿ. ಗಲ್ಫ್‌ನಿಂದ ಎರಡು ವರ್ಷಕ್ಕೊಮ್ಮೆ ಬರುವವರನ್ನು ಕಂಡ ನಮ್ಮ ಕರಾವಳಿಯ ಮನೆಗಳಿಗೆ ಈ ಎರಡು ಪ್ರಶ್ನೆಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಮಾತು. ಪ್ರಯಾಣಿಕನಿಗೆ ನಮಾಝಿನಲ್ಲೂ ರಿಯಾಯಿತಿ ಇದೆ. ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳು ಪ್ರಯಾಣದಲ್ಲಿ ಎರಡಾಗುತ್ತವೆ. ತನ್ನ ಊರಿಗೆ ಮರಳಿದೊಡನೆ ಅವು ಮತ್ತೆ ನಾಲ್ಕಾಗುತ್ತವೆ. ಹೊರಗಿದ್ದಾಗ ಮನೆಯ ಹೊಣೆಗಳಲ್ಲೂ ನಮಗೆ ಹಾಗೆಯೇ ಒಂದಿಷ್ಟು ವಿನಾಯಿತಿ ಸಿಕ್ಕಿರುತ್ತದೆ. ನಮ್ಮ ಪಾಲಿನ ಕೆಲಸವನ್ನು ಇನ್ನೊಬ್ಬರು ಹೊತ್ತಿರುತ್ತಾರೆ. ಮರಳಿದ ಮೇಲೆ ನಮಾಝನ್ನು ಪೂರ್ಣಗೊಳಿಸುವ ನಾವು ಮನೆಯ ಹೊಣೆಯನ್ನು ಮಾತ್ರ ಅರ್ಧಕ್ಕೇ ನಿಲ್ಲಿಸುವುದು ನ್ಯಾಯವೇ? ಹೊರಟವರನ್ನು ಕ್ಷೇಮವಾಗಿ ಮನೆ ಸೇರಿಸಲಿ, ಮನೆಯಲ್ಲಿ ಕಾದವರ ಹಕ್ಕನ್ನು ಸಲ್ಲಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.